ಜಗುಲಿಯ ಮರಕ್ಕೆ ಎಣ್ಣೆ

ಮನೆಯೊಳಗಣ ಮರಕ್ಕೂ ಹೊರಗಣ ಮರಕ್ಕೂ ಹುಟ್ಟು ಒಂದೇ ಆದರೂ ಬಾಳು ಬೇರೆ. ದೇವರ ಕೋಣೆಯ ಬಾಗಿಲು ತಲೆಮಾರುಗಳು ಕಳೆದರೂ ಹೊಗೆಗೂ ಕೈಯೆಣ್ಣೆಗೂ ಮಿರುಗುತ್ತ ನಿಂತಿರುತ್ತದೆ. ಅದೇ ದಿಮ್ಮಿಯಿಂದ ಕೊಯ್ದ ಜಗುಲಿಯ ಮುಂಡಿಗೆಯಾದರೋ ಕೆಲವೇ ಮಳೆಗಾಲಗಳಲ್ಲಿ ಬೂದಿಬಣ್ಣ ತಳೆದು, ಎಳೆಯೆದ್ದು, ಸವರಿದರೆ ಕೈಗೆ ಚುಚ್ಚುವಂತಾಗುತ್ತದೆ. ಬಿಸಿಲೂ ಮಳೆಯೂ ಸರದಿಯ ಮೇಲೆ ಬಂದು ಅದನ್ನು ಸವೆಸುವ ಬಗೆಯನ್ನು ಗೃಹಸ್ಥರು ತಿಳಿದಿರುವುದು ಮೇಲು. ಉಪಚಾರವಿಲ್ಲದೆ ಕೆಟ್ಟ ಮರಕ್ಕಿಂತ ತಪ್ಪು ಉಪಚಾರದಿಂದ ಕೆಟ್ಟ ಮರವೇ ನಮ್ಮ ಸುತ್ತಿನಲ್ಲಿ ಹೆಚ್ಚೆಂದು ನಮಗೆ ತೋರುತ್ತದೆ.

ಈ ವಿಚಾರ ನಮಗೆ ಬರಿಯ ಕುತೂಹಲದ್ದಾಗಿರಲಿಲ್ಲ. ನಮ್ಮದು ಮಲೆನಾಡಿನ ಹಳೆಯ ತೊಟ್ಟಿಮನೆ. ಮುಂದಿನ ಜಗುಲಿಗೆ ಎಂಟು ಮುಂಡಿಗೆಗಳು, ಅವುಗಳ ಮೇಲೆ ತೊಲೆ, ಅದರ ಮೇಲೆ ಹಲಗೆಯ ಮಹಡಿ. ಎರಡು ವರ್ಷಗಳ ಹಿಂದೆ ಪಡುವಣ ತುದಿಯ ಮುಂಡಿಗೆಯ ಬುಡ ಮೆತ್ತಗಾದುದು ಕಂಡುಬಂದಿತು. ಪಟ್ಟಣದಲ್ಲಿ ಉದ್ಯೋಗದಲ್ಲಿರುವ ನಮ್ಮ ತಮ್ಮ ಹಬ್ಬಕ್ಕೆಂದು ಬಂದಿದ್ದವನು ಅದನ್ನು ನೋಡಿ, "ಅಣ್ಣಾ, ಇನ್ನೆಷ್ಟು ದಿನ ಇದಕ್ಕೆ ತೇಪೆ ಹಾಕುತ್ತ ಕೂರುತ್ತೀರಿ? ಎಂಟನ್ನೂ ತೆಗೆಸಿ ಸಿಮೆಂಟಿನ ಕಂಬ ನಿಲ್ಲಿಸೋಣ. ಕೊಳ್ಳುವವರು ಬಾಗಿಲಿಗೇ ಬಂದಿದ್ದಾರೆ" ಎಂದನು. ಅವನ ಮಾತು ಸುಳ್ಳಲ್ಲ. ಹಳೆಯ ಕೆತ್ತನೆಯ ಮರಕ್ಕೆ ಈಗ ಒಳ್ಳೆಯ ಬೆಲೆಯುಂಟು. ವರ್ತಕರು ಊರೂರು ಅಲೆದು ಮನೆಗಳನ್ನು ಬಿಚ್ಚಿಸಿಕೊಂಡು ಹೋಗುತ್ತಾರೆ. ಹೀಗೆ ಕಳಚಿದ ಮನೆಗಳಲ್ಲಿ ಕೆಲವು ವಿಜಯನಾಥ ಶೆಣೈಯವರ ಕೈಗೆ ಸೇರಿದ ಪುಣ್ಯದಿಂದ ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ಮತ್ತೆ ಎದ್ದು ನಿಂತಿವೆ. ಉಳಿದವುಗಳ ಪೈಕಿ ಕಂಬವೊಂದು ಕಡೆ, ಬೋದಿಗೆಯೊಂದು ಕಡೆ. ಹೋಟೆಲುಗಳ ಮೂಲೆಯಲ್ಲಿ ಹೂಕುಂಡ ಹೊತ್ತು ನಿಂತಿರುವುದನ್ನು ನಾವೇ ಕಂಡಿದ್ದೇವೆ. ನಮ್ಮ ತಾಯಿಯವರು ಇಬ್ಬರ ಮಾತನ್ನೂ ಕೇಳಿ, "ಮೊದಲು ಆಚಾರರನ್ನು ಕರೆಸಿ ತೋರಿಸಿ. ಮಾರುವ ಮಾತು ಆಮೇಲೆ" ಎಂದುಬಿಟ್ಟರು.

ಆಚಾರರು ಬಂದು ಮಾಡಿದ ಮೊದಲ ಕೆಲಸವೆಂದರೆ ಚೂರಿಯ ಮೊನೆಯಿಂದ ಎಂಟು ಮುಂಡಿಗೆಗಳ ಬುಡವನ್ನೂ ತಿವಿದು ನೋಡಿದುದು. ಗಟ್ಟಿ ಮರದಲ್ಲಿ ಮೊನೆ ಇಳಿಯುವುದಿಲ್ಲ. ಇಳಿದರೂ ಸೀಳು ಉದ್ದಕ್ಕೆ ಚಿಮ್ಮುತ್ತದೆ. ಕೊಳೆತ ಮರದಲ್ಲಿ ಬೆಣ್ಣೆಗೆ ಇಳಿದಂತೆ ಇಳಿದು, ಚೂರು ಚೂರಾಗಿ ಮುರಿದು ಬರುತ್ತದೆ. ಏಳು ಮುಂಡಿಗೆಗಳು ನಿಂತ ಕಲ್ಲಿನ ಮೇಲೆ ಏನೂ ಆಗದೆ ಇದ್ದುವು. ಎಂಟನೆಯದಕ್ಕೆ ಮಾತ್ರ, ಹಿಂದೊಮ್ಮೆ ನೆಲ ಮಾಡಲು ಬಂದ ಗಾರೆಯವರು ಚೆಂದಕ್ಕೆಂದು ಸುತ್ತಲೂ ನಾಲ್ಕಂಗುಲ ಎತ್ತರದ ಸಿಮೆಂಟಿನ ಕಟ್ಟೆ ಕಟ್ಟಿದ್ದರು. ಮರ ಒಣಗಿದಾಗ ಕುಗ್ಗುತ್ತದೆ, ಸಿಮೆಂಟು ಕುಗ್ಗುವುದಿಲ್ಲ. ನಡುವೆ ಬಿದ್ದ ಕೂದಲೆಳೆಯಷ್ಟು ಸಂದಿಯಲ್ಲಿ ಎರಚಲು ನೀರು ಇಳಿದು, ಹೊರಗೆ ಬರಲು ದಾರಿ ಕಾಣದೆ ಅಲ್ಲಿಯೇ ನಿಂತಿತ್ತು. "ಮಳೆ ಇದನ್ನು ಕೆಡಿಸಿದ್ದಲ್ಲ ಒಡೆಯರೆ, ಈ ಬಟ್ಟಲು ಕೆಡಿಸಿದ್ದು" ಎಂದರು ಆಚಾರರು.

ಶಾಸ್ತ್ರವೂ ಅವರ ಪಕ್ಷವನ್ನೇ ಹೇಳುತ್ತದೆ. ಮರವನ್ನು ಕೊಳೆಸುವುದು ನೀರಲ್ಲ, ಅಣಬೆಯ ಜಾತಿಗೆ ಸೇರಿದ ಒಂದು ಬಗೆಯ ಬೂಷ್ಟು. ಮರದ ನೀರಿನಂಶ ಅದರ ಒಣತೂಕದ ನೂರಕ್ಕೆ 20 ಪಾಲಿಗಿಂತ ಕಡಿಮೆಯಿದ್ದರೆ ಆ ಬೂಷ್ಟು ಬೆಳೆಯಲಾರದು. ನೆನೆದ ಮರ ಬೇಗನೆ ಆರುವಂತಿದ್ದರೆ ಎಷ್ಟು ಮಳೆ ಸುರಿದರೂ ಭಯವಿಲ್ಲ; ನೆನೆದುದು ಆರದಂತೆ ಕಟ್ಟಿಹಾಕಿದರೆ ಸ್ವಲ್ಪ ನೀರೂ ಸಾಕು. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವ ಆಗುಂಬೆಯ ಸುತ್ತಿನಲ್ಲಿ ಮರದ ಮನೆಗಳು ಉಳಿದುಬಂದಿರುವುದು ಈ ಕಾರಣದಿಂದಲೇ. ನಮ್ಮ ಹಿರಿಯರು ಸೂರನ್ನು ಉದ್ದಕ್ಕೆ ಇಳಿಸಿದರು. ಮುಂಡಿಗೆಯನ್ನು ಕಲ್ಲಿನ ಮೇಲೆ ನಿಲ್ಲಿಸಿದರು. ಮಳೆಗಾಲಕ್ಕೆ ಮುಂಚೆ ಅಡಕೆಯ ಸೋಗೆಯ ತಟ್ಟಿ ಕಟ್ಟಿ, ಮಳೆ ಮುಗಿದೊಡನೆ ಬಿಚ್ಚಿದರು. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಮೇಲಂತಸ್ತುಗಳು ಮರದವು. ಅವಕ್ಕೆ ಹೊದಿಸಿದ ಇಳಿಜಾರು ಮಾಡನ್ನು ನೋಡಿದವರಿಗೆ ಈ ಮಾತನ್ನು ವಿಸ್ತರಿಸಬೇಕಾದುದಿಲ್ಲ.

ಇನ್ನು ಬಿಸಿಲು. ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪದಾರ್ಥಕ್ಕೆ ಲಿಗ್ನಿನ್ ಎಂದು ಹೆಸರು. ಸೂರ್ಯನ ನೇರಳಾತೀತ ಕಿರಣಗಳು ಮೇಲ್ಪದರದ ಲಿಗ್ನಿನ್ನನ್ನು ಒಡೆಯುತ್ತವೆ. ಒಡೆದುದನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಸಡಿಲವಾದ ಬಿಳಿಯ ನಾರುಗಳು ಉಳಿಯುತ್ತವೆ. ಆ ನಾರುಗಳ ಮೇಲೆ ಬೂಷ್ಟಿನ ಕಪ್ಪು ಕೂಡಿದಾಗ ನಾವು ಕಾಣುವ ಬೂದಿಬಣ್ಣವಾಗುತ್ತದೆ. ಈ ಸವೆತ ನಿಧಾನವಾದುದು. ಮೇಲಿನ ತೆಳುಪದರ ಕೆಟ್ಟಿದ್ದರೂ ಅದರ ಅಡಿಯ ಚೇಗು ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಬೂದಿಯಾದ ಮರವನ್ನು ಸತ್ತ ಮರವೆಂದು ಬಗೆದು ಸೌದೆಗೆ ಹಾಕುವವರು ಒಂದು ಗಳಿಗೆ ಸ್ಯಾಂಡ್‌ಪೇಪರಿನಿಂದ ಉಜ್ಜಿ ನೋಡಲಿ.

ಇಲ್ಲಿ ವಾರ್ನಿಷಿನ ಮಾತು ಬರುತ್ತದೆ. ನಮ್ಮ ನೆಂಟರೊಬ್ಬರು ಮಗಳ ಮದುವೆಗೆಂದು ಜಗುಲಿಯ ಮರಕ್ಕೆಲ್ಲ ಥಳಥಳಿಸುವ ವಾರ್ನಿಷು ಬಳಿಸಿದರು. ಮದುವೆಯ ದಿನ ಮುಖ ನೋಡಿಕೊಳ್ಳುವಂತಿತ್ತು. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಹಾವಿನ ಪೊರೆಯಂತೆ ಕಿತ್ತು ಬಂದಿತು. ವಾರ್ನಿಷು ಮರದ ಮೇಲೆ ಕೂರುವ ಒಂದು ಗಾಜಿನಂಥ ಪೊರೆ. ಅಡಿಯ ಮರ ಹಿಗ್ಗಿ ಕುಗ್ಗುವಾಗ ಅದು ಬಿರಿಯುತ್ತದೆ. ಬಿರುಕಿನಿಂದ ಒಳಹೊಕ್ಕ ನೀರನ್ನು, ಆ ಸಿಮೆಂಟಿನ ಬಟ್ಟಲಿನಂತೆಯೇ, ಹೊರಗೆ ಬಿಡುವುದಿಲ್ಲ. ಮತ್ತೆ ಬಳಿಯಬೇಕಾದರೆ ಹಳೆಯದನ್ನೆಲ್ಲ ಕೆರೆದು ತೆಗೆಯಬೇಕು; ಕೆತ್ತನೆಯ ಸಂದುಗಳಲ್ಲಿ ಆ ಕೆಲಸ ಮಾಡಿದವರಿಗೇ ಅದರ ಕಷ್ಟ ಗೊತ್ತು. ಎಣ್ಣೆಯಾದರೋ ಮರದೊಳಗೆ ಇಳಿಯುತ್ತದೆ. ಅದು ಸಿಪ್ಪೆ ಏಳುವುದಿಲ್ಲ, ಸವೆಯುತ್ತದೆ. ಸವೆದಲ್ಲಿಗೆ ತೊಳೆದು ಮತ್ತೊಂದು ಕೈ ಕೊಟ್ಟರಾಯಿತು. ಹೊಳಪು ಕಡಿಮೆ, ಪದೇಪದೇ ಹಚ್ಚಬೇಕು ಎಂಬೆರಡು ಆಕ್ಷೇಪಗಳು ನಿಜವೇ. ಮನೆಯ ಹೊರಗಣ ಮರಕ್ಕೆ ಹೊಳಪು ಏಕೆ ಬೇಕೆಂಬುದು ನಮಗೆ ಇಂದಿಗೂ ತಿಳಿದಿಲ್ಲ.

ಹಚ್ಚುವುದಕ್ಕಿಂತ ಹದಮಾಡುವುದೇ ದೊಡ್ಡ ಕೆಲಸ. ನಾವು ಮೊದಲು ಎಲ್ಲ ಮರವನ್ನೂ ಅಂಟುವಾಳದ ನೀರಿನಿಂದ ತೊಳೆದು, ತೆಂಗಿನ ನಾರಿನಿಂದ ಎಳೆಯುದ್ದಕ್ಕೆ ಉಜ್ಜಿದೆವು. ಅಡ್ಡಡ್ಡ ಉಜ್ಜಿದರೆ ಗೀರುಗಳು ಉಳಿದು, ಎಣ್ಣೆ ಬಿದ್ದ ಮೇಲೆ ಎದ್ದು ಕಾಣುತ್ತವೆ. ವಾಹನ ತೊಳೆಯುವ ಒತ್ತಡದ ನೀರಿನ ಯಂತ್ರವನ್ನು ತರುತ್ತೇನೆಂದು ತಮ್ಮನು ಹೇಳಿದಾಗ ಆಚಾರರು ಒಪ್ಪಲಿಲ್ಲ. ಆ ರಭಸಕ್ಕೆ ಮೆದುವಾದ ನಾರು ಕಿತ್ತುಹೋಗಿ ಮರದ ಮೈ ಬಾಚಿದಂತಾಗುವುದಂತೆ. ಕಬ್ಬಿಣದ ಮೊಳೆಗಳ ಸುತ್ತ ಇಳಿದಿದ್ದ ಕಪ್ಪು ಕಲೆ ಮಾತ್ರ ಯಾವ ಉಜ್ಜಾಟಕ್ಕೂ ಹೋಗಲಿಲ್ಲ. ಮರದ ಒಗರು ಕಬ್ಬಿಣದೊಡನೆ ಕೂಡಿ ಆಗುವ ಕಲೆಯದು. ಅದಕ್ಕೆ ಆಕ್ಸಾಲಿಕ್ ಆಮ್ಲದ ತಿಳಿ ದ್ರಾವಣವೇ ಮದ್ದು. ಅದು ವಿಷವಾದುದರಿಂದ ಕೈಚೀಲ ತೊಟ್ಟು, ಮಕ್ಕಳನ್ನು ದೂರವಿಟ್ಟು, ಕೆಲಸ ಮುಗಿದ ಮೇಲೆ ಮರವನ್ನು ಧಾರಾಳವಾಗಿ ತೊಳೆದೆವು.

ತೊಳೆದ ಮರ ಒಣಗಬೇಕು. ನಮ್ಮಲ್ಲಿ ದೀಪಾವಳಿಗೆ ಬಣ್ಣ ಹೊಡೆಸುವ ಪದ್ಧತಿ ಬಲವಾಗಿದೆ. ಗೋಡೆಯ ಸಂಗತಿ ಹೇಗೋ, ಮಲೆನಾಡಿನ ಹೊರಮರಕ್ಕೆ ಅದು ಸರಿಯಾದ ಕಾಲವಲ್ಲ. ನಾಲ್ಕು ತಿಂಗಳು ಕುಡಿದ ನೀರು ಆಗಿನ್ನೂ ಮರದೊಳಗಿರುತ್ತದೆ. ಪುಷ್ಯಮಾಸದ ಒಣಗಾಳಿ ಬೀಸುವವರೆಗೆ ನಾವು ಕಾದೆವು. ಆ ಬಳಿಕ ಮೊದಲು 80ರ, ಆಮೇಲೆ 120ರ ಸ್ಯಾಂಡ್‌ಪೇಪರು ಹಿಡಿದೆವು. ಅದಕ್ಕಿಂತ ನಯ ಮಾಡಿದರೆ ನೋಡಲು ಚೆನ್ನ. ಆದರೆ ಮರದ ರಂಧ್ರಗಳು ಮುಚ್ಚಿಕೊಂಡು ಎಣ್ಣೆ ಇಳಿಯದು. ಮರ ಸಿದ್ಧವಾಯಿತೇ ಎಂದು ತಿಳಿಯಲು ನಾಲ್ಕು ಹನಿ ನೀರು ಚಿಮುಕಿಸಿದರೆ ಸಾಕು. ಹೀರಿಕೊಂಡರೆ ಎಣ್ಣೆಯನ್ನೂ ಹೀರುತ್ತದೆ. ಕೆಸುವಿನೆಲೆಯ ಮೇಲಿನಂತೆ ಹನಿ ಉರುಳಿದರೆ ಹಳೆಯ ಲೇಪ ಇನ್ನೂ ಉಳಿದಿದೆಯೆಂದು ಅರ್ಥ.

ಹಳೆಯ ಬಣ್ಣದ ಬಾಗಿಲು ಕಿಟಕಿಗಳನ್ನು ಉಜ್ಜುವವರಿಗೆ ಒಂದು ಎಚ್ಚರಿಕೆ. ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸ ಸೇರಿರುತ್ತಿತ್ತು. ನಮ್ಮ ದೇಶದಲ್ಲಿ ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಪಾಲಿನಲ್ಲಿ 90 ಪಾಲಿಗೆ ಮೀರಕೂಡದೆಂಬ ನಿಯಮ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಆದಕಾರಣ ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜದೆ, ಒದ್ದೆ ಮಾಡಿ ಉಜ್ಜಬೇಕು; ಧೂಳನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರಸಬೇಕು; ಬಸುರಿಯರೂ ಕೂಸುಗಳೂ ಆ ದಿನಗಳಲ್ಲಿ ಬೇರೆಡೆ ಇರುವುದು ಒಳ್ಳೆಯದು.

ಯಾವ ಎಣ್ಣೆ? ಕರಾವಳಿಯವರನ್ನು ಕೇಳಿದರೆ ಗೋಡಂಬಿಯ ಸಿಪ್ಪೆಯ ಎಣ್ಣೆಯೆಂದೇ ಹೇಳುತ್ತಾರೆ. ಅವರು ದೋಣಿಯ ತಳಕ್ಕೆ ಬಳಿಯುವುದೂ ಅದನ್ನೇ. ಗೆದ್ದಲಿಗೂ ಬೂಷ್ಟಿಗೂ ಅದು ಸಹಿಸಲಾಗದ ಪದಾರ್ಥ. ಆದರೆ ಬಣ್ಣ ಕಡುಗಪ್ಪು. ಮೈಗೆ ತಗುಲಿದರೆ ಬೊಬ್ಬೆ ಏಳುತ್ತದೆ. ಅಗಸರು ಬಟ್ಟೆಗೆ ಗುರುತಿಡುತ್ತಿದ್ದ ಗೇರುಕಾಯಿಯ ಕುಲವೇ ಅದರದು. ನಾವು ಅದನ್ನು ಸೀಮೆಯೆಣ್ಣೆಯಲ್ಲಿ ತೆಳುಮಾಡಿ, ಕಣ್ಣಿಗೆ ಬೀಳದ ಎಡೆಗಳಿಗೆ ಮಾತ್ರ ಹಚ್ಚಿದೆವು: ಪಕಾಸಿಗಳ ತುದಿ, ಅಡಕೆಯ ಅಟ್ಟದ ಕಾಲು, ಮುಂಡಿಗೆಗಳ ಬುಡದಡಿ. ಅಡ್ಡ ಕೊಯ್ದ ತುದಿಗಳು ಮರದ ಬಾಯಿಯಿದ್ದಂತೆ. ಮೈಗಿಂತ ಎಷ್ಟೋ ಬೇಗ ನೀರು ಕುಡಿಯುತ್ತವೆ. ಮೈಗೆ ಒಂದು ಕೈ ಸಾಕೆಂದಲ್ಲಿ ತುದಿಗೆ ಕುಡಿಯುವಷ್ಟೂ ಕುಡಿಸಬೇಕು.

ಕೆತ್ತನೆಯ ಭಾಗಕ್ಕೆ ಕುದಿಸಿದ ಅಗಸೆಯೆಣ್ಣೆಯನ್ನು ಆರಿಸಿಕೊಂಡೆವು. ಹಸಿಯ ಅಗಸೆಯೆಣ್ಣೆ ದಿನಗಟ್ಟಲೆ ಆರದೆ ಧೂಳು ಹಿಡಿಯುತ್ತದೆ. ತಿಳಿಯೆಣ್ಣೆಯೊಂದೇ ಬಿಸಿಲನ್ನು ತಡೆಯಲಾರದು. ಕಿರಣಗಳನ್ನು ತಡೆಯಲು ಬಣ್ಣದ ಪುಡಿ ಬೇಕು. ಕಾವಿಯ ನೆಲಕ್ಕೆ ಹಾಕುವ ರೆಡ್ ಆಕ್ಸೈಡನ್ನೇ, ಮರದ ಎಳೆ ಕಾಣುವಷ್ಟು ಸ್ವಲ್ಪವಾಗಿ, ಬಟ್ಟೆಯಲ್ಲಿ ಸೋಸಿ ಬೆರೆಸಿದೆವು. ಸ್ವೀಡನ್ ದೇಶದ ಹಳ್ಳಿಮನೆಗಳ ಹಲಗೆಗೋಡೆಗಳೆಲ್ಲ ಕೆಂಪಾಗಿರುವುದನ್ನು ಚಿತ್ರಗಳಲ್ಲಿ ಅನೇಕರು ಕಂಡಿರಬಹುದು. ಫಾಲುನ್ ಎಂಬಲ್ಲಿಯ ತಾಮ್ರದ ಗಣಿಯ ಕೆಮ್ಮಣ್ಣನ್ನು ಹಿಟ್ಟಿನ ಗಂಜಿಯಲ್ಲಿ ಕಾಯಿಸಿ, ಅಗಸೆಯೆಣ್ಣೆ ಕೂಡಿಸಿ ಮಾಡುವ ಬಣ್ಣವದು. ಗಣಿ 1992ರಲ್ಲಿ ಮುಚ್ಚಿತು, ಬಣ್ಣ ನಿಂತಿಲ್ಲ. ನಮ್ಮ ಕಾವಿಗೂ ಆ ಕೆಂಪಿಗೂ ಮೂಲ ಒಂದೇ, ಕಬ್ಬಿಣದ ತುಕ್ಕು.

ಬೆಳಗಿನ ಬಿಸಿಲು ಜಗುಲಿಗೆ ಬೀಳುವ ಮುನ್ನವೇ ಹಚ್ಚುವ ಕೆಲಸ ಮುಗಿಯುತ್ತಿತ್ತು. ಬಿಸಿಲಿಗೆ ಕಾದ ಮರದ ಮೇಲೆ ಎಣ್ಣೆ ಇಳಿಯುವ ಮುಂಚೆಯೇ ಗಟ್ಟಿಯಾಗುತ್ತದೆ. ಒಂದು ಮುಂಡಿಗೆಯನ್ನು ಹಿಡಿದರೆ ಮೇಲಿನಿಂದ ಕೆಳಗಿನವರೆಗೆ ಮುಗಿಸಿಯೇ ಬಿಡುವುದು. ನಡುವೆ ಊಟಕ್ಕೆದ್ದರೆ ಆ ಗೆರೆ ಶಾಶ್ವತ. ಕುಂಚದಿಂದ ಹಚ್ಚಿ, ಕಾಲುಗಂಟೆ ಬಿಟ್ಟು, ಮರ ಕುಡಿಯದೆ ಬಿಟ್ಟುದನ್ನು ಹಳೆಯ ಬಟ್ಟೆಯಿಂದ ಒರಸಿ ತೆಗೆಯುವುದು. ಒರಸದೆ ಬಿಟ್ಟರೆ ಅಂಟಂಟಾಗಿ ಧೂಳಿನ ಮನೆಯಾಗುತ್ತದೆ. ಎಂಟು ಮುಂಡಿಗೆಗಳಿಗೆ ಎರಡು ಕೈಗೂ ಸೇರಿ 4 ಲೀಟರು ಹಿಡಿಯಿತು.

ಆ ಒರಸಿದ ಬಟ್ಟೆಗಳ ಮಾತನ್ನು ಗೃಹಿಣಿಯರು ವಿಶೇಷವಾಗಿ ಗಮನಿಸಬೇಕು. ಅಗಸೆಯೆಣ್ಣೆ ಆರುವುದೆಂದರೆ ಗಾಳಿಯ ಆಮ್ಲಜನಕದೊಡನೆ ಕೂಡುವುದು. ಆಗ ಶಾಖ ಹುಟ್ಟುತ್ತದೆ. ಮುದ್ದೆಯಾಗಿ ಬಿಸುಟ ಬಟ್ಟೆಯೊಳಗೆ ಆ ಶಾಖ ಹೊರಗೆ ಹೋಗಲಾರದೆ ಏರುತ್ತ ಏರುತ್ತ, ಬೆಂಕಿಕಡ್ಡಿಯಿಲ್ಲದೆಯೇ ಉರಿ ಹತ್ತುತ್ತದೆ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 1991ರ ಫೆಬ್ರವರಿ 23ರಂದು 38 ಅಂತಸ್ತಿನ ಕಟ್ಟಡವೊಂದು ಹೊತ್ತಿ, ಮೂವರು ಅಗ್ನಿಶಾಮಕರು ಪ್ರಾಣ ಕಳೆದುಕೊಂಡರು. ಮೂಲದಲ್ಲಿದ್ದುದು ಮರಕ್ಕೆ ಎಣ್ಣೆ ಹಚ್ಚಿದವರು ಬಿಟ್ಟುಹೋದ ಇಂಥ ಬಟ್ಟೆಗಳು. ಸೌದೆಯ ಕೊಟ್ಟಿಗೆಯ ಮೂಲೆಗೆ ಎಸೆಯುವುದನ್ನು ಊಹಿಸಿದರೇ ಮೈ ನಡುಗುತ್ತದೆ. ನಮ್ಮಲ್ಲಿ ತಾಯಿಯವರೇ ಪ್ರತಿದಿನ ಬಟ್ಟೆಗಳನ್ನು ಎಣಿಸಿ, ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ, ಬಳಿಕ ಅಂಗಳದ ಬೇಲಿಯ ಮೇಲೆ ಒಂದೊಂದಾಗಿ ಹರಡಿಸುತ್ತಿದ್ದರು.

ಎಂಟನೆಯ ಮುಂಡಿಗೆಗೆ ಎಣ್ಣೆ ಸಾಲದಾಗಿತ್ತು. ಕೊಳೆತ ಮರದ ಮೇಲೆ ಎಣ್ಣೆ ಹಚ್ಚುವುದು ಹುಣ್ಣಿನ ಮೇಲೆ ಗಂಧ ಹಚ್ಚಿದಂತೆ. ಆಚಾರರು ತೊಲೆಗೆ ಊರೆ ಕೊಟ್ಟು, ಸಿಮೆಂಟಿನ ಬಟ್ಟಲನ್ನು ಒಡೆದು, ಗೇಣುದ್ದ ಬುಡವನ್ನು ಕತ್ತರಿಸಿ ತೆಗೆದು, ಹಲಸಿನ ಚೇಗಿನ ತುಂಡನ್ನು ಹಲ್ಲು ಕೂಡಿಸಿ ಸೇರಿಸಿದರು. ಈಗ ಅದು ಉಳಿದವುಗಳಂತೆಯೇ ಕಲ್ಲಿನ ಮೇಲೆ ನಿಂತಿದೆ, ಸುತ್ತ ಗಾಳಿಯಾಡುತ್ತದೆ. ಸೇರಿಸಿದ ತುಂಡಿನ ಬಣ್ಣ ಇನ್ನೂ ಸ್ವಲ್ಪ ಹಳದಿ. ಬೇಕೆಂದೇ ಹಾಗೆ ಬಿಟ್ಟೆವು. ಯುಗಾದಿಗೆ ಬಂದ ತಮ್ಮನು ಎರಡು ಬಾರಿ ಸುತ್ತು ಬಂದು ಬೆರಳಿನಿಂದ ತಟ್ಟಿ ನೋಡಿದನು. ಸಿಮೆಂಟಿನ ಕಂಬದ ಮಾತೆತ್ತಲಿಲ್ಲ; ಕೊಳ್ಳುವವರು ಮತ್ತೆ ಬಂದಿದ್ದರೇ ಎಂದು ಮಾತ್ರ ಕೇಳಿದನು.

ಕಳೆದ ಮಳೆಗಾಲದ ಕೊನೆಗೆ ಪಡುವಣ ಮೂರು ಮುಂಡಿಗೆಗಳ ಮೇಲೆ ಬೂಷ್ಟಿನ ಕಪ್ಪು ಚುಕ್ಕಿಗಳು ಕಂಡುವು. ನಮ್ಮ ತೇವದ ಹವೆಯಲ್ಲಿ ಅಗಸೆಯೆಣ್ಣೆಗೆ ಈ ದೋಷವುಂಟು. ಒರಸಿದರೆ ಹೋಗುತ್ತದೆ, ಒಳಗಿಳಿಯುವುದಿಲ್ಲ. ಆ ಮೂರಕ್ಕೆ ಮತ್ತೊಂದು ಕೈ ಕೊಟ್ಟೆವು. ಮನೆಯೊಳಕ್ಕೆ ಹೊರಳಿದ ಮಿಕ್ಕವಕ್ಕೆ ಬೇಕಾಗಲಿಲ್ಲ. ಮಹಡಿಯ ಹಲಗೆಗೋಡೆಯೂ ಐದು ಕಿಟಕಿಗಳೂ ಇನ್ನೂ ಬಾಕಿ. ಡಬ್ಬದಲ್ಲಿ ಎಣ್ಣೆ ಮಿಕ್ಕಿದೆ. ಆಚಾರರು ಪುಷ್ಯಕ್ಕೆ ಬರುತ್ತೇನೆಂದಿದ್ದಾರೆ.