ಸದ್ದಿಲ್ಲದ ಟ್ರಾಲಿ

ಉಪ್ಪಿನ ಡಬ್ಬಿ ಗ್ಯಾಸಿನ ಎಡಕ್ಕೆ, ಕಟ್ಟೆಯ ಕೆಳಗಿನ ಮೊದಲ ಖಾನೆಯಲ್ಲಿ, ಮುಂದಿನ ಸಾಲಿನಲ್ಲಿ. ಅದರ ಪಕ್ಕ ಖಾರಪುಡಿ, ಹಿಂದೆ ಬೆಲ್ಲ. 26 ವರ್ಷದ ಹಿಂದೆ ನಾನು ಧಾರವಾಡದಿಂದ ಪುಣೆಯ ಕೋಥ್ರೂಡಿನ ಈ ಮನೆಗೆ ಸೊಸೆಯಾಗಿ ಬಂದಾಗ ಅದು ಅಲ್ಲೇ ಇತ್ತು. ಹೋದ ವರ್ಷದ ದೀಪಾವಳಿಯವರೆಗೂ ಅಲ್ಲೇ ಇತ್ತು. ನಾನು ಒಂದೆರಡು ಸಲ ಬಲಕ್ಕೆ ಸರಿಸಿ ನೋಡಿದ್ದುಂಟು. ಯಾರೂ ಏನೂ ಅನ್ನುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಡಬ್ಬಿ ತನ್ನ ಜಾಗಕ್ಕೆ ವಾಪಸು ಹೋಗಿರುತ್ತಿತ್ತು.

ಪುಣೆ, ಮುಂಬೈಗಳ ಹಳೆಯ ಫ್ಲ್ಯಾಟುಗಳಲ್ಲಿ ಇದ್ದವರಿಗೆ ಕಡಪ್ಪದ ಕಲ್ಲು ಗೊತ್ತಿರುತ್ತದೆ. ಆಂಧ್ರದ ಕಡಪ ಊರಿನ ಹೆಸರು ಹೊತ್ತ ಕಪ್ಪು ಕಲ್ಲು. ಬಿಲ್ಡರ್ ಮೇಲೊಂದು ಕಟ್ಟೆ, ಕೆಳಗೆ ಅದೇ ಕಲ್ಲಿನ ನಾಲ್ಕು ಖಾನೆ ಮಾಡಿ ಕೊಟ್ಟುಬಿಡುತ್ತಿದ್ದ. ಆಮೇಲೆ ಕೈಯಲ್ಲಿ ದುಡ್ಡಾದವರು ಅದರೊಳಗೆ ಸ್ಟೀಲಿನ ಟ್ರಾಲಿ ಕೂರಿಸಿ, ಮುಂದೆ ಬಾಗಿಲು ಹಚ್ಚಿಸುತ್ತಿದ್ದರು. ನಾವೂ 2004ರಲ್ಲಿ ಹಾಗೇ ಮಾಡಿಸಿದ್ದೆವು, ಅರ್ಧಕ್ಕೆ ಟ್ರಾಲಿ, ಅರ್ಧಕ್ಕೆ ಬರೀ ಬಾಗಿಲು. ಟ್ರಾಲಿಗಳಿಗೆ ತುಕ್ಕು ಹಿಡಿಯಿತು. ಸಿಂಕಿನ ಕೆಳಗಿನ ಬಾಗಿಲು ನೀರು ಕುಡಿದು ನೆನೆದ ಬಿಸ್ಕತ್ತಿನಂತೆ ಉಬ್ಬಿತು. ಕಡೆಗೊಂದು ದಿನ ಇಡೀ ಬಾಗಿಲೇ ನಮ್ಮ ಮನೆಯವರ ಕೈಗೆ ಬಂದಾಗ ಅವರು, “ಆತು, ಮಾಡಿಸಿಬಿಡೂಣು” ಅಂದರು.

ಆ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ ಎಂದು ಅವರಿಗೆ ಗೊತ್ತಿರಲಿಲ್ಲ. ಟ್ಯೂಶನ್ ಹೇಳಿ ಉಳಿಸಿದ ಹಣ ನನ್ನ ಹತ್ತಿರ ಇತ್ತು. ಮನಸ್ಸಿನಲ್ಲಿ ಚಿತ್ರವೂ ಇತ್ತು. ಕಡಪ್ಪವನ್ನೆಲ್ಲ ಒಡೆದು ಹಾಕಬೇಕು. ಬಿಳಿ, ಕನ್ನಡಿಯಂತೆ ಹೊಳೆಯುವ ಅಕ್ರಿಲಿಕ್ ಬಾಗಿಲು, ಹಿಡಿಕೆ ಕಾಣಬಾರದು, ಮೇಲೆ ಮಾಳಿಗೆಯವರೆಗೆ ಕಪಾಟು. ಮತ್ತು ಉಪ್ಪು ಗ್ಯಾಸಿನ ಬಲಕ್ಕೆ. ನಾನು ಬಲಗೈಯವಳು.

ಶೋರೂಮುಗಳಿಗೆ ಹೋದೆವು. ಅಲ್ಲಿಯ ಹುಡುಗರು ಮಾತಾಡುವುದು ಬೇರೆಯೇ ಭಾಷೆ. ಕಾರ್ಕಸ್ ಅಂದರೆ ಕಪಾಟಿನ ಡಬ್ಬ, ಶಟರ್ ಅಂದರೆ ಬಾಗಿಲು. ಹೊಳಪಿನ ಬಾಗಿಲು ತಟ್ಟಿ ತೋರಿಸುತ್ತಾರೆ, ಒಳಗಿನ ಹಲಗೆ ಯಾವುದು ಎಂದರೆ ಮಾತು ಬದಲಿಸುತ್ತಾರೆ. ಎಂಡಿಎಫ್ ಆಗಿದ್ದರೆ ಅಂಚಿನಿಂದ ನೀರು ಹೊಕ್ಕರೆ ಮುಗಿಯಿತು. ಪ್ಲೈ ಆದರೆ ಮೇಲೆ ಐಎಸ್ 710 ಎಂಬ ಮುದ್ರೆ ಇದೆಯೇ ನೋಡಬೇಕು, ಅದು ಮರೈನ್ ಪ್ಲೈನ ಗುರುತು. ಸ್ಟೀಲಿನ ಟ್ರಾಲಿ ಒಳ್ಳೆಯದೆಂದು ತೋರಿಸಲು ಆಯಸ್ಕಾಂತ ಹಚ್ಚುತ್ತಾರೆ. ಅಂಟಲಿಲ್ಲ, ನೋಡಿ ಮೇಡಂ, 304 ಎನ್ನುತ್ತಾರೆ. ಅಗ್ಗದ 202 ಕೂಡ ಅಂಟುವುದಿಲ್ಲ! ಬಿಲ್ಲಿನಲ್ಲಿ 304 ಎಂದು ಬರೆಸಿಕೊಳ್ಳುವುದೇ ವಾಸಿ. ಇದನ್ನೆಲ್ಲ ನನಗೆ ಕಲಿಸಿದವರು ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿನಲ್ಲಿ ನಮಗೆ ಸಿಕ್ಕ ಒಬ್ಬ ವಯಸ್ಸಾದ ಸುತಾರರು. ಶೋರೂಮಿನವರು ಹೇಳಿದ್ದು 3 ಲಕ್ಷ 40 ಸಾವಿರ. ಇವರು 1 ಲಕ್ಷ 85 ಸಾವಿರಕ್ಕೆ ಒಪ್ಪಿದರು.

ಅಳತೆಗೆ ಬಂದ ದಿನ ಖಾನೆಗಳನ್ನೆಲ್ಲ ಖಾಲಿ ಮಾಡಿದೆವು. ಸುತಾರರ ಜೊತೆಗೆ ಬಂದ ಹುಡುಗ ಪಾಪ, ತಾನೇ ಡಬ್ಬಿಗಳನ್ನೆಲ್ಲ ಮತ್ತೆ ಜೋಡಿಸಿಟ್ಟು ಹೋದ. ನಾನು ಸಂಜೆಯ ಕ್ಲಾಸಿನ ಗಡಿಬಿಡಿಯಲ್ಲಿದ್ದೆ, ನೋಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಸಾರು ಸಿಹಿ. ಬೆಲ್ಲದ ಸಿಹಿಯಲ್ಲ, ಮೂರು ಚಮಚ ಸಕ್ಕರೆಯ ಸಿಹಿ. ಅತ್ತೆ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟರು. “ನಾ ಉಪ್ಪಿನ ಡಬ್ಬೀಗೇ ಕೈ ಹಾಕಿದ್ದೆ” ಎಂದರು. ಮರುದಿನ ಅವರು ಅಡುಗೆಮನೆಗೆ ಬರಲಿಲ್ಲ.

ಅತ್ತೆಗೆ 79. ಏಳು ವರ್ಷದಿಂದ ಗ್ಲಾಕೋಮಾ. ಅದು ಮೊದಲು ಪಕ್ಕದ ನೋಟವನ್ನು ತಿನ್ನುತ್ತದೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಯಲಿಕ್ಕೆ ಡ್ರಾಪ್ಸ್ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವರ ಕಣ್ಣಿಗೆ ಡ್ರಾಪ್ಸ್ ಹಾಕುವವಳು ನಾನೇ. ಹೊರಗೆ ಕೈ ಹಿಡಿದು ಕರೆದುಕೊಂಡು ಹೋಗುವವಳೂ ನಾನೇ. ಆದರೂ ಅವರಿಗೆ ಎಷ್ಟು ಕಡಿಮೆ ಕಾಣುತ್ತಿದೆ ಎಂಬುದು ನನಗೆ ಅಂದಾಜಿರಲಿಲ್ಲ. ಅಡುಗೆಮನೆಯಲ್ಲಿ ಅವರು ಎಂದೂ ತಡವರಿಸಿದ್ದನ್ನು ನಾನು ನೋಡಿರಲಿಲ್ಲ. ಎರಡು ಹೆಜ್ಜೆ, ಎಡಗೈ ಚಾಚಿದರೆ ಉಪ್ಪು. ಅವರು ಡಬ್ಬಿಗಳನ್ನು ನೋಡುವುದನ್ನು ಎಂದೋ ಬಿಟ್ಟಿದ್ದರು.

ಇಲ್ಲಿ ಸುಳ್ಳು ಹೇಳಬಾರದು. ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಅವರ ಮೇಲಲ್ಲ ಅಂತ ಹೇಳಲೂ ಆರೆ. 26 ವರ್ಷ ಅವರ ಅಡುಗೆಮನೆಯಲ್ಲಿ ಅಡುಗೆ ಮಾಡಿದ್ದೇನೆ. ಈಗ ನನ್ನ ದುಡ್ಡು, ನನ್ನ ಪಾಳಿ, ಈಗಲೂ ಉಪ್ಪು ಎಡಕ್ಕೇ ಇರಬೇಕೆ? ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಸುತಾರರಿಗೆ ಫೋನ್ ಮಾಡಿ, ಸ್ವಲ್ಪ ತಡೆಯಿರಿ, ಅಕ್ರಿಲಿಕ್ ಇನ್ನೂ ತರಬೇಡಿ ಎಂದೆ.

ಆಮೇಲೆ ಒಂದೊಂದನ್ನೇ ಅತ್ತೆಯ ಜೊತೆ ನಿಂತು ನೋಡುತ್ತ ಬಂದೆ. ಹೊಳಪಿನ ಬಾಗಿಲಿನ ಸ್ಯಾಂಪಲ್ಲನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಅತ್ತೆ ಮುಖ ತಿರುಗಿಸಿದರು, ಕಣ್ಣಿಗೆ ಚುಚ್ಚುತ್ತದೆ ಎಂದರು. ಅಲ್ಲಿಗೆ ಅದು ಹೋಯಿತು. ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಟ್, ಕೆನೆಬಣ್ಣ. ಹಿಡಿಕೆಯಿಲ್ಲದ ಬಾಗಿಲೂ ಹೋಯಿತು, ಸಂದಿನಲ್ಲಿ ಬೆರಳು ತೂರಿಸಿ ಹುಡುಕುವುದು ಯಾರಿಗೆ ಬೇಕು? ಮುಂದೆ ಚಾಚಿದ, ಕೈತುಂಬ ಸಿಗುವ ಕಪ್ಪು ಹಿಡಿಕೆ. ಕೆನೆಬಣ್ಣದ ಮೇಲೆ ಕಪ್ಪು ಇದ್ದರೆ ಉಳಿದ ಆ ಚೂರು ನೋಟಕ್ಕೂ ಅದು ಕಾಣುತ್ತದೆ. ಗ್ಯಾಸಿನ ಪಕ್ಕದ ಮೇಲಿನ ಕಪಾಟಿಗೆ ಬಾಗಿಲೇ ಬೇಡವೆಂದೆ. ಮೇಲಿನ ಬಾಗಿಲು ತೆರೆದು ಮರೆಯುವುದು ನನ್ನ ಹಳೆಯ ಚಾಳಿ, ಪಕ್ಕದಿಂದ ಬರುವುದು ಕಾಣದವರ ಹಣೆಗೆ ಅದರ ಮೂಲೆಯೇ ಮೊದಲು ಸಿಗುವುದು. ಕೆಳಗೆ ಒಂದೂ ಬಾಗಿಲು ಬೇಡ, ಎಲ್ಲ ಟ್ರಾಲಿ. ಬಾಗಿಲಿನ ಕಪಾಟಿನಲ್ಲಿ ಹಿಂದಿನ ಡಬ್ಬಿಗಾಗಿ ತಲೆ ಒಳಗೆ ಹಾಕಬೇಕು. ಟ್ರಾಲಿ ಎಳೆದರೆ ಎಲ್ಲವೂ ಕೈಯ ಕೆಳಗೆ ಬರುತ್ತದೆ.

ಕಡಪ್ಪ ಒಡೆಯುವ ಆಸೆಯನ್ನು ಮಾತ್ರ ಸುತಾರರೇ ಬಿಡಿಸಿದರು. ಕಲ್ಲಿಗೆ ಗೆದ್ದಲು ಹತ್ತುವುದಿಲ್ಲ ವಹಿನಿ, ನೀರು ಹತ್ತುವುದಿಲ್ಲ, ಅದರ ನಡುವೆಯೇ ಟ್ರಾಲಿ ಕೂರಿಸೋಣ ಎಂದರು. ಕಟ್ಟೆಯ ಎತ್ತರವೂ ಇದ್ದಷ್ಟೇ ಉಳಿಯಿತು, 31 ಇಂಚು. ಶೋರೂಮಿನವರು 34 ಹೇಳಿದ್ದರು. ಐದಡಿ ಎತ್ತರದ ಅತ್ತೆ 34 ಇಂಚಿನ ಕಟ್ಟೆಯ ಮೇಲೆ ಜೋಳದ ರೊಟ್ಟಿ ತಟ್ಟಿದರೆ ಭುಜ ಉಳಿಯುವುದಿಲ್ಲ. ರೊಟ್ಟಿ ತಟ್ಟಲು ಮೇಲಿನಿಂದ ಕೈ ಬೀಳಬೇಕು. ಆರಡಿಯ ಮಗ ರಜೆಗೆ ಬಂದಾಗ ಪಾತ್ರೆ ತೊಳೆಯಲು ಸೊಂಟ ಬಗ್ಗಿಸಲಿ, ಅವನಿಗೆ ವಯಸ್ಸಿದೆ. ಅತ್ತೆಯ ತವರಿನಿಂದ ಬಂದ ಹಿಟ್ಟು ನಾದುವ ಕಟ್ಟಿಗೆಯ ಕೊಣಮಿಗೆ ಯಾವ ಟ್ರಾಲಿಗೂ ಹಿಡಿಸಲಿಲ್ಲ. ಸುತಾರರು ಅದರ ಅಳತೆ ತೆಗೆದುಕೊಂಡು ಒಂದು ಟ್ರಾಲಿಯನ್ನು ಎರಡಿಂಚು ಆಳ ಮಾಡಿದರು. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.

ಅತ್ತೆಗೆ ನಾನು ಏನು ಮಾಡುತ್ತಿದ್ದೇನೆ ಎಂದು ತಿಳಿಯದೆ ಇರಲಿಲ್ಲ. ಒಂದು ಮಧ್ಯಾಹ್ನ ಕರೆದು ಕೂರಿಸಿಕೊಂಡರು.

“ನನ್ನ ಸಲುವಾಗಿ ಅಡಗಿಮನಿ ಕಟ್ಟಬ್ಯಾಡವಾ. ನಾ ಇನ್ನೆಷ್ಟು ದಿವಸ ಇರಾಕಿ? ನಿನಗ ಹ್ಯಾಂಗ ಬೇಕು ಹಂಗ ಮಾಡಿಸ್ಕೊ.”

“ಹಂಗೇ ಮಾಡಸ್ಲಿಕತ್ತೇನ್ರಿ ಅತ್ಯಾರ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಉಪ್ಪು ಮಾತ್ರ ಎಡಕ್ಕ ಇರಲಿ.”

ನಕ್ಕುಬಿಟ್ಟೆ. ಅವರೂ ನಕ್ಕರು. ಆಮೇಲೆ ಇಬ್ಬರೂ ಸರಿಯಾಗಿ ಚೌಕಾಸಿಗೆ ಕೂತೆವು. ಎಡಗಡೆಯ ಮೇಲಿನದು, ಅದರ ಕೆಳಗಿನ ನಡುವಿನದು, ಬಲಗಡೆಯ ನಡುವಿನದು, ಈ ಮೂರು ಟ್ರಾಲಿ ಅವರವು. ಉಪ್ಪು-ಖಾರ ಒಂದರಲ್ಲಿ, ಬೇಳೆ ಒಂದರಲ್ಲಿ, ಜೋಳದ ಹಿಟ್ಟು ಮತ್ತು ಕೊಣಮಿಗೆ ಒಂದರಲ್ಲಿ. ಕೆಳಗಿನ ಸಾಲು ಪೂರ್ತಿ ನನಗೆ. ತಲೆ ಬಗ್ಗಿಸಿ ಬಹಳ ಹೊತ್ತು ಇರಬೇಡಿ ಎಂದು ಡಾಕ್ಟರು ಅವರಿಗೆ ಹೇಳಿದ್ದಾರೆ. ಬಲಗಡೆಯ ಮೇಲಿನದು ನನ್ನದು. ಅದರಲ್ಲಿ ನಾನು ನನ್ನದೇ ಇನ್ನೊಂದು ಉಪ್ಪಿನ ಡಬ್ಬಿ ಇಟ್ಟುಕೊಂಡೆ. ಒಂದು ಮನೆಯಲ್ಲಿ ಎರಡು ಉಪ್ಪಿನ ಡಬ್ಬಿ ಎಂದು ಯಾರಾದರೂ ನಗಲಿ. 26 ವರ್ಷ ಇದು ಏಕೆ ಹೊಳೆಯಲಿಲ್ಲವೋ.

ಕೆಲಸ ಹನ್ನೊಂದು ದಿನ ನಡೆಯಿತು. ಧೂಳು, ಸೊಸೈಟಿಯ ಕಾರ್ಯದರ್ಶಿಯ ತಕರಾರು, ಎದುರು ಮನೆಯ ಕಾಕು ಕಳಿಸಿದ ಪೋಳಿ-ಭಾಜಿ. ಮನೆ ಕೆಲಸ ಮಾಡಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲ ಮುಗಿದ ಮೇಲೆ ನಾನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಒಂದು ಸಂಗತಿ ಎದುರಾಯಿತು. ಟ್ರಾಲಿಗಳಿಗೆಲ್ಲ ಸಾಫ್ಟ್ ಕ್ಲೋಸ್ ಹಾಕಿಸಿದ್ದೆ. ನನ್ನ ಹಳೆಯ ಚಿತ್ರದಲ್ಲಿ ಉಳಿದಿದ್ದ ಶೋಕಿ ಅದೊಂದೇ. ಮೆಲ್ಲಗೆ ದೂಡಿದರೆ ಸಾಕು, ಟ್ರಾಲಿ ತಾನೇ ಒಳಗೆ ಹೋಗಿ ಸದ್ದಿಲ್ಲದೆ ಕೂರುತ್ತದೆ. ಅತ್ತೆ ದೂಡಿ, ನಿಂತು ಕಾಯುತ್ತಿದ್ದರು. “ಮುಚ್ಚಿತೇನ?” ಎಂದು ಕೇಳುತ್ತಿದ್ದರು. ನಾನು ಹೂಂ ಎಂದ ಮೇಲೂ ಒಮ್ಮೆ ಮುಟ್ಟಿ ನೋಡುತ್ತಿದ್ದರು. ನಾನಿಲ್ಲದ ಒಂದು ಸಂಜೆ ಬೇಳೆಯ ಟ್ರಾಲಿ ಅರ್ಧಕ್ಕೇ ನಿಂತಿತ್ತು. ಮುಚ್ಚಿತೆಂದುಕೊಂಡು ತಿರುಗಿದವರ ಮೊಣಕಾಲಿಗೆ ಅದರ ಮೂಲೆ ಬಡಿದು, ಬದನೆಕಾಯಿ ಬಣ್ಣಕ್ಕೆ ಬಾತಿತು.

ಸುತಾರರನ್ನು ಮತ್ತೆ ಕರೆಸಿದೆ. ಈ ಮೂರಕ್ಕೆ ಸಾದಾ ಚಾನೆಲ್ ಹಾಕಿ, ಮುಚ್ಚಿದರೆ ಸದ್ದಾಗಬೇಕು ಎಂದೆ. ಅವರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. ಸದ್ದು ಬರುತ್ತದೆ ಎಂದು ಜಗಳಕ್ಕೆ ಬಂದವರನ್ನು ನೋಡಿದ್ದೇನೆ ವಹಿನಿ, ಸದ್ದು ಬೇಕೆಂದವರು ನೀವೇ ಮೊದಲು ಎಂದರು. ಅರ್ಧ ಗಂಟೆಯ ಕೆಲಸ. ತೆಗೆದ ಚಾನೆಲ್ಲುಗಳನ್ನು ವಾಪಸು ತೆಗೆದುಕೊಳ್ಳಲು ಅಂಗಡಿಯವರು ಒಪ್ಪಲಿಲ್ಲ, ಮೂರು ಜೊತೆ ಅಟ್ಟದ ಮೇಲೆ ಬಿದ್ದಿವೆ.

ಈಗ ಬೆಳಿಗ್ಗೆ ಐದೂವರೆಗೆ ನನಗೆ ಹಾಸಿಗೆಯಲ್ಲೇ ಕೇಳುತ್ತದೆ. ಗ್ಯಾಸ್ ಹಚ್ಚುವುದು ಮಾತ್ರ ನನ್ನ ಕೆಲಸವೆಂದು ಗಟ್ಟಿ ಮಾಡಿಕೊಂಡಿದ್ದೇವೆ, ಅದಕ್ಕಾಗಿ ಕಿವಿ ತೆರೆದೇ ಇರುತ್ತದೆ. ಇವತ್ತು ಮೊದಲು ಎಡಗಡೆ ಒಂದು ಟಕ್. ಸ್ವಲ್ಪ ತಡೆದು ಬಲಗಡೆ ಇನ್ನೊಂದು, ದಪ್ಪ ಸದ್ದು. ಅದು ಹಿಟ್ಟಿನದು. ರೊಟ್ಟಿ ಅಂತಾಯಿತು. ಎದ್ದು ಹಂಚು ಇಡಲು ಹೋದೆ.