ಸಾಣೆಗೆ ಮೊದಲು ಸರಳು

ನಿಮ್ಮ ಮನೆಯ ಚಾಕು ಟೊಮೇಟೋವನ್ನು ಹೆಚ್ಚುತ್ತದೆಯೋ, ಜಜ್ಜುತ್ತದೆಯೋ? ಜಜ್ಜುತ್ತಿದ್ದರೆ ಎಸೆಯಬೇಡಿ, ಸಾಣೆ ಹಿಡಿಯುವವನ ಕೂಗಿಗೂ ಕಾಯಬೇಡಿ. (ನಮ್ಮ ಬೀದಿಯಲ್ಲಂತೂ ಆ ಕೂಗು ಕೇಳಿ ವರ್ಷಗಳೇ ಆದವು.)

ಚಾಕು ಮೊಂಡಾಯಿತು ಅಂತೀವಲ್ಲ, ಎಷ್ಟೋ ಸಲ ಅದರ ಬಾಯಿ ಸವೆದಿರುವುದಿಲ್ಲ. ಮಣೆಗೆ ತಗಲಿ ತಗಲಿ ಕಣ್ಣಿಗೆ ಕಾಣದಷ್ಟು ಮಗ್ಗುಲಿಗೆ ಬಾಗಿರುತ್ತದೆ, ಅಷ್ಟೇ. ಅದನ್ನು ನೆಟ್ಟಗೆ ಮಾಡೋದಕ್ಕೇ ಮಸೆಯುವ ಸರಳು ಇರೋದು. ಸಾಣೆ ಉಕ್ಕನ್ನು ತಿಂದು ಹೊಸ ಬಾಯಿ ಕೊಡುತ್ತದೆ. ಸರಳು ಇರುವ ಬಾಯನ್ನೇ ಸರಿಪಡಿಸುತ್ತದೆ. ಅಡಿಗಡಿಗೆ ಸಾಣೆ ಕಂಡ ಚಾಕು ಕೊನೆಗೆ ಕಡ್ಡಿಯಂತಾಗುವುದನ್ನು ನೀವೂ ನೋಡಿರಬಹುದು.

ನಮ್ಮತ್ತೆಯವರಿಗೆ 80 ದಾಟಿದೆ, ಬೆರಳ ಗೆಣ್ಣುಗಳಲ್ಲಿ ನೋವು. ಈಳಿಗೆ ಮಣೆ ಹಾಕಿಕೊಂಡು ಕೂರೋಕೆ ಮಂಡಿ ಬಿಡೋಲ್ಲ. ಮೇಜಿನ ಮೇಲೆ ಹೆಚ್ಚೋಣವೆಂದರೆ ಮೊಂಡು ಚಾಕುವನ್ನು ಒತ್ತುವ ಶಕ್ತಿ ಕೈಗಿಲ್ಲ. ಒತ್ತಿದರೆ ಜಾರಿ ಬೆರಳಿಗೇ. "ಇನ್ನು ನನ್ನನ್ನ ಅಡಿಗೆಮನೆಯಿಂದ ಆಚೆ ಕೂರಿಸಿಬಿಡಮ್ಮ" ಅಂದರು ಒಂದು ದಿನ. ತಮಾಷೆಗೆ ಅಂದದ್ದಲ್ಲ. ಆ ಮಾತು ಕೇಳಿಯೇ ನಾನು ಪಾತ್ರೆ ಅಂಗಡಿಗೆ ಹೋದದ್ದು.

ಅಲ್ಲಿ ನೋಡಿದರೆ ಮೂರು ಜಾತಿ: ಉಕ್ಕಿನದು, ಸೆರಾಮಿಕ್‌ನದು, ವಜ್ರದ ಪುಡಿ ಲೇಪಿಸಿದ್ದು. ವಜ್ರ ಅಂದಕೂಡಲೇ ಮನಸ್ಸು ಅತ್ತ ವಾಲುತ್ತೆ, ಅಲ್ವೇ? ಆದರೆ ಅದು ಸಾಣೆಯ ತಂಗಿ, ಉಕ್ಕನ್ನು ತಿನ್ನುತ್ತೆ, ದಿನಬಳಕೆಗೆ ಬೇಡ. ನಮ್ಮ ಸಾಧಾರಣ ಸ್ಟೀಲ್ ಚಾಕುಗಳಿಗೆ ನಯವಾದ ಗೀರುಗಳಿರುವ ಉಕ್ಕಿನ ಸರಳೇ ಸಾಕು. ಮನೆಯಲ್ಲಿ ಯಾರಾದರೂ ಜಪಾನಿ ಚಾಕು ತಂದುಕೊಟ್ಟಿದ್ದರೆ ಮಾತು ಬೇರೆ. ಅದರ ಉಕ್ಕು ಬಲು ಗಡಸು, ರಾಕ್‌ವೆಲ್ ಅಳತೆಯಲ್ಲಿ ಸಾಮಾನ್ಯವಾಗಿ 60ರ ಆಸುಪಾಸು. ಗೀರಿನ ಸರಳಿಗೆ ತಿಕ್ಕಿದರೆ ಬಾಯಿ ಚಕ್ಕೆ ಏಳಬಹುದು. ಅದಕ್ಕೆ ನಯವಾದ ಸೆರಾಮಿಕ್ ಆಗಬೇಕು. ಕೈಜಾರಿ ಬಿದ್ದರೆ ಮುರಿಯುತ್ತೆ, ಜೋಪಾನ.

ಸರಳು ಅಲಗಿಗಿಂತ ಎರಡು ಇಂಚು ಉದ್ದವಿರಲಿ. 8 ಇಂಚಿನ ಚಾಕುವಿಗೆ 10 ಇಂಚಿನದು. ಹಿಡಿಯ ಬಳಿ ಬೆರಳಿಗೆ ತಡೆ ಇದೆಯೇ ನೋಡಿಕೊಳ್ಳಿ.

ಹೋಟೆಲಿನ ಬಾಣಸಿಗರಂತೆ ಗಾಳಿಯಲ್ಲಿ ಝಳಪಿಸಬೇಕಿಲ್ಲ. ಒದ್ದೆ ಬಟ್ಟೆ ಮಡಿಸಿ ಕಟ್ಟೆಯ ಮೇಲಿಟ್ಟು, ಸರಳಿನ ತುದಿಯನ್ನು ಅದರ ಮೇಲೆ ಊರಿ ನೆಟ್ಟಗೆ ನಿಲ್ಲಿಸಿ. ಚಾಕುವನ್ನು ಸರಳಿಗೆ ಅಡ್ಡ ಹಿಡಿಯಿರಿ. ಆ ಓರೆಯ ಅರ್ಧ, ಮತ್ತೆ ಅದರ ಅರ್ಧ, ಇನ್ನೊಂದು ಚೂರು ಕಮ್ಮಿ. ಸುಮಾರು 20 ಡಿಗ್ರಿ ಆಯಿತು. ಹಿಡಿಯ ಕಡೆಯಿಂದ ಮೊನೆಯವರೆಗೂ ತಾಗುವಂತೆ ಮೇಲಿಂದ ಕೆಳಕ್ಕೆ ಹಗುರವಾಗಿ ಎಳೆಯಿರಿ. ಒಮ್ಮೆ ಈ ಮಗ್ಗುಲು, ಒಮ್ಮೆ ಆ ಮಗ್ಗುಲು, ಐದಾರು ಸಲ ಸಾಕು. ಒತ್ತಲೇಬೇಡಿ. ಆಮೇಲೆ ಅಲಗನ್ನು ಒರೆಸಿ. ಹರಿತ ಪರೀಕ್ಷಿಸೋಕೆ ಹೆಬ್ಬೆರಳು ಬೇಡ, ಒಂದು ಹಾಳೆ ಕಾಗದ ಸಾಕು.

ಈಗ ನಮ್ಮಲ್ಲಿ ಹುರುಳಿಕಾಯಿ ಹೆಚ್ಚೋದು ಅತ್ತೆಯವರೇ. ನನ್ನದು ದಪ್ಪ ಆಗುತ್ತಂತೆ!

ಹಲ್ಲಿರುವ ಬ್ರೆಡ್ ಚಾಕುವಿಗೆ ಈ ಸರಳು ಒಗ್ಗದು. ಹತ್ತು ಸಲ ಎಳೆದರೂ ಕಾಗದ ಕತ್ತರಿಸದ ಚಾಕುವಿಗೆ ಮಾತ್ರ ಸಾಣೆಯೇ ಗತಿ.