ಉಡುಪಿಯ ಎರಡು ಅಡುಗೆಮನೆಗಳು

ಕನ್ನಡ ನಾಡಿನ ಊರುಗಳ ಪೈಕಿ ಉಡುಪಿಯಷ್ಟು ದೂರ ಪ್ರಯಾಣ ಮಾಡಿದ ಹೆಸರು ಬಹುಶಃ ಮತ್ತೊಂದಿಲ್ಲ. ಮುಂಬಯಿಯ ಮಾಟುಂಗದಲ್ಲಿ, ಚೆನ್ನೈಯ ಬೀದಿಗಳಲ್ಲಿ, ದೆಹಲಿಯಲ್ಲಿ, ಕಡಲಾಚೆಯ ದುಬೈಯಲ್ಲಿ ಕೂಡ ಆ ಮೂರಕ್ಷರಗಳು ಫಲಕವಾಗಿ ತೂಗುತ್ತವೆ. ಸಂಸಾರ ಸಮೇತ ಪರಸ್ಥಳಕ್ಕೆ ಹೊರಟವರು ಆ ಫಲಕವನ್ನು ಕಂಡೊಡನೆ ನೆಮ್ಮದಿಯ ಉಸಿರು ಬಿಡುತ್ತಾರೆ. ಮಕ್ಕಳಿಗೆ ಇಡ್ಲಿ ಸಿಕ್ಕೀತು, ಅಜ್ಜಿಗೆ ಒಂದು ಲೋಟ ಬಿಸಿ ಕಾಫಿ ಸಿಕ್ಕೀತು, ತಟ್ಟೆ ಲೋಟಗಳು ಚೊಕ್ಕಟವಾಗಿದ್ದಾವು ಎಂಬ ಭರವಸೆ ಆ ಹೆಸರಿನಲ್ಲಿಯೇ ಇದೆ.

ಆದರೆ ಆ ಹೆಸರನ್ನು ಜಗತ್ತಿಗೆ ಕೊಟ್ಟ ಊರು ತಾನೇ ಏನನ್ನು ಉಣ್ಣುತ್ತದೆ? ಈ ಪ್ರಶ್ನೆಯನ್ನು ಕೇಳಿಕೊಂಡು ಉಡುಪಿಗೆ ಬರುವವರು ಕಡಮೆ. ಬಂದವರು ಶ್ರೀಕೃಷ್ಣನ ದರ್ಶನ ಮಾಡಿ, ರಥಬೀದಿಯ ಹೋಟೆಲೊಂದರಲ್ಲಿ ಗೋಳಿಬಜೆಯನ್ನೋ ಮಸಾಲೆದೋಸೆಯನ್ನೋ ತಿಂದು, ಮಲ್ಪೆಯ ಕಡಲತೀರಕ್ಕೆ ಹೊರಟುಬಿಡುತ್ತಾರೆ. ಅವರು ಕಂಡದ್ದು ಉಡುಪಿಯ ಒಂದು ಅಡುಗೆಮನೆಯನ್ನು ಮಾತ್ರ. ಮತ್ತೊಂದು ಅಡುಗೆಮನೆ ಬೀದಿಗೆ ಕಾಣುವುದಿಲ್ಲ. ಅದಕ್ಕೆ ಫಲಕವೂ ಇಲ್ಲ.

ಊರಿನ ನಡುವೆ ಇರುವುದು ರಥಬೀದಿ. ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರು ಪ್ರತಿಷ್ಠಾಪಿಸಿದ ಕೃಷ್ಣನ ಗುಡಿ ಇಲ್ಲಿಯೇ ಇದೆ. ಸುತ್ತಲೂ ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ ಎಂಬ ಎಂಟು ಮಠಗಳು. ಕೃಷ್ಣಪೂಜೆಯ ಹೊಣೆ ಒಂದೊಂದು ಮಠಕ್ಕೆ ಸರದಿಯಂತೆ ಬರುತ್ತದೆ. ಮೊದಲು ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಈ ಸರದಿಯನ್ನು ಹದಿನಾರನೆಯ ಶತಮಾನದಲ್ಲಿ ಸೋದೆ ಮಠದ ವಾದಿರಾಜರು ಎರಡು ವರ್ಷಗಳಿಗೆ ಏರಿಸಿದರು. ಇದೇ ಪರ್ಯಾಯ. ಪರ್ಯಾಯವೆಂದರೆ ಪೂಜೆಯ ಹೊಣೆ ಮಾತ್ರವಲ್ಲ. ಬಂದವರಿಗೆಲ್ಲ ಅನ್ನವಿಕ್ಕುವ ಹೊಣೆಯೂ ಹೌದು. ಆದುದರಿಂದಲೇ ಪೀಠವೇರುವುದಕ್ಕೆ ಸುಮಾರು ಒಂದು ವರ್ಷ ಮೊದಲೇ ಸಿದ್ಧತೆ ಆರಂಭವಾಗುತ್ತದೆ. ಆ ಸಿದ್ಧತೆಯ ಮುಹೂರ್ತಗಳ ಹೆಸರುಗಳನ್ನು ಕೇಳಿದರೆ ಸಾಕು: ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಊಟಕ್ಕೆ ಎಲೆ, ಎಲೆಗೆ ಅನ್ನ, ಅನ್ನಕ್ಕೆ ಬೆಂಕಿ! ಕಟ್ಟಿಗೆಯನ್ನಂತೂ ಮಧ್ವಸರೋವರದ ಬಳಿ ರಥದ ಆಕಾರದಲ್ಲಿ ಒಟ್ಟುತ್ತಾರೆ. ಎರಡು ವರ್ಷದ ಒಲೆಗೆ ಬೇಕಾದ ಸೌದೆಗೂ ರಥದ ಗೌರವ ದೊರೆಯುವುದು ಈ ಊರಿನಲ್ಲಿ.

ಮಧ್ಯಾಹ್ನದ ಹೊತ್ತು ಭೋಜನಶಾಲೆಯಲ್ಲಿ ಪಂಕ್ತಿ ಕುಳಿತಾಗ ಬಡಿಸುವವರ ಕೈಗೆ ಬಿಡುವೆಂಬುದಿಲ್ಲ. ಅನ್ನ, ಸಾರು, ಹುಳಿ, ಪಾಯಸ, ಕೊನೆಗೆ ಮಜ್ಜಿಗೆ. ಕುಂಬಳ, ಸೌತೆ, ಸುವರ್ಣಗೆಡ್ಡೆಗಳಂತಹ ನಾಡ ತರಕಾರಿಗಳು, ತೆಂಗಿನಕಾಯಿ, ಬೆಲ್ಲ, ಹುಣಿಸೆ. ಇಷ್ಟರಲ್ಲಿ ರುಚಿ ಮುಗಿಯಿತು. ಈರುಳ್ಳಿ ಬೆಳ್ಳುಳ್ಳಿಗೆ ಅಲ್ಲಿ ಪ್ರವೇಶವಿಲ್ಲ. ಇಲ್ಲೊಂದು ವಿನೋದವುಂಟು. ಉಡುಪಿಯ ಹೆಸರಿನೊಡನೆ ಜಗತ್ತು ಮೊದಲು ನೆನೆಯುವ ತಿಂಡಿಯೆಂದರೆ ಆಲೂಗಡ್ಡೆ ಈರುಳ್ಳಿಯ ಪಲ್ಯವನ್ನು ಮಡಿಲಲ್ಲಿಟ್ಟುಕೊಂಡ ಮಸಾಲೆದೋಸೆ. ಉಡುಪಿಯ ಅತ್ಯಂತ ಹಳೆಯ ಒಲೆಯ ಮೇಲೆ ಅದಕ್ಕೆ ಎಂದೂ ಸ್ಥಳವಿಲ್ಲ!

ಮಠದ ಒಲೆಗೂ ಮನೆಯ ಒಲೆಗೂ ನೆಂಟಸ್ತಿಕೆ ಹತ್ತಿರದ್ದು. ಇದನ್ನು ತಿಳಿಯಬೇಕಾದರೆ ಮಳೆಗಾಲದಲ್ಲಿ ಬರಬೇಕು. ಆಷಾಢದಿಂದ ಕಾರ್ತಿಕದವರೆಗಿನ ಚಾತುರ್ಮಾಸ್ಯದಲ್ಲಿ ಮಠಗಳೂ ವ್ರತ ಹಿಡಿದ ಮನೆಗಳೂ ತಿಂಗಳಿಗೊಂದರಂತೆ ಆಹಾರವನ್ನು ತ್ಯಜಿಸುತ್ತವೆ. ಮೊದಲ ತಿಂಗಳು ತರಕಾರಿಯಿಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳುಗಳಿಲ್ಲ. ಮೊದಲ ತಿಂಗಳಿನ ಶಾಕವ್ರತದಲ್ಲಿ ತರಕಾರಿಯ ಜೊತೆಗೆ ತೊಗರಿಬೇಳೆ, ಹುಣಿಸೆ, ಮೆಣಸಿನಕಾಯಿ, ಸಾಸಿವೆಗಳೂ ನಿಷಿದ್ಧ. ಉಳಿದದ್ದು ಹೆಸರು, ಉದ್ದು, ಕರಿಮೆಣಸು, ಜೀರಿಗೆ, ಹುಳಿಗೆ ಮಾವು. ಇಷ್ಟರಲ್ಲಿಯೇ ದಿನಕ್ಕೊಂದು ಬಗೆಯ ಸಾರು, ದಿನಕ್ಕೊಂದು ಬಗೆಯ ಗೊಜ್ಜು ಆಗಬೇಕು. ಮನೆಯ ಮಂದಿ ಮುಖ ಸಿಂಡರಿಸದೆ ಉಣ್ಣಬೇಕು. ಎಲ್ಲವೂ ಇದ್ದಾಗ ಅಡುಗೆ ಮಾಡುವುದು ದೊಡ್ಡದಲ್ಲ. ಒಂದೊಂದನ್ನೇ ಕಳೆಯುತ್ತ ಹೋದಾಗಲೂ ರುಚಿಯನ್ನು ಉಳಿಸಿಕೊಳ್ಳುವ ಹದ ಈ ನಾಲ್ಕು ತಿಂಗಳ ಪಾಠದಿಂದ ಬಂದದ್ದು.

ವ್ರತದ ಮಾತು ಕೆಲವು ಮನೆಗಳದಾದರೆ, ಮಳೆಯ ಮಾತು ಎಲ್ಲ ಮನೆಗಳದು. ತುಳುವರ ಆಟಿ ತಿಂಗಳಿನಲ್ಲಿ ಹಿಂದೆ ಗದ್ದೆಯ ಕೆಲಸ ಮುಗಿದು, ಕೈಯಲ್ಲಿ ಕಾಸಿಲ್ಲದೆ, ಹೊರಗೆ ಕಾಲಿಡಲಾಗದಂತೆ ಮಳೆ ಹೊಯ್ಯುತ್ತಿರುವಾಗ ಮನೆಯವರು ಹಿತ್ತಿಲನ್ನೇ ನಂಬಿದರು. ಬೇಲಿಯ ಬದಿಯ ತಜಂಕ್ ಸೊಪ್ಪು, ತೋಡಿನ ಅಂಚಿನ ಒಂದೆಲಗ, ಬೇಸಗೆಯಲ್ಲಿಯೇ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಭರಣಿಯಲ್ಲಿ ಮುಳುಗಿರುವ ಮಾವಿನ ಮಿಡಿ. ಕುಚ್ಚಲಕ್ಕಿಯ ಬಿಸಿ ಗಂಜಿಗೆ ಒಂದು ಚಮಚ ತುಪ್ಪ, ಪಕ್ಕದಲ್ಲಿ ಸುಟ್ಟ ಹಪ್ಪಳ, ಒಂದಿಷ್ಟು ಚಟ್ನಿ ಬಿದ್ದರೆ ಮಳೆಯ ಸದ್ದೂ ಹಿತವಾಗಿ ಕೇಳಿಸತೊಡಗುತ್ತದೆ. ಒಂದೆಲಗವನ್ನು ಕಾಯಿ, ಜೀರಿಗೆಯೊಡನೆ ಅರೆದು ಮಜ್ಜಿಗೆಯಲ್ಲಿ ಕದಡಿದರೆ ತಂಬುಳಿ. ಅದನ್ನು ಕುದಿಸುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಅರೆದ ಹೊತ್ತಿಗೇ ಉಣ್ಣಬೇಕು.

ಪತ್ರೊಡೆಯದು ಬೇರೆಯೇ ವೈಭವ. ಮೊದಲ ಮಳೆಗಳಿಗೆ ಕೆಸುವಿನ ಎಲೆ ಆನೆಯ ಕಿವಿಯಂತೆ ಅಗಲಗೊಳ್ಳುತ್ತದೆ. ಯಾವ ಕೆಸು ಗಂಟಲು ಕೆರೆಯುವುದು, ಯಾವುದು ಕೆರೆಯದು ಎಂಬುದನ್ನು ದಂಟಿನ ಬಣ್ಣ ನೋಡಿಯೇ ಹೇಳುವ ಹಿರಿಯರು ಮನೆಯಲ್ಲಿರಬೇಕು. ನೆನೆದ ಅಕ್ಕಿಯನ್ನು ಕಾಯಿ, ಮೆಣಸು, ಬೆಲ್ಲ, ಧಾರಾಳ ಹುಣಿಸೆಯೊಡನೆ ರುಬ್ಬಿ, ಎಲೆಯ ಬೆನ್ನಿಗೆ ಹಚ್ಚಿ, ಎಲೆಯ ಮೇಲೆ ಎಲೆಯಿಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಬೇಕು. ಹುಣಿಸೆ ರುಚಿಗೆ ಮಾತ್ರವಲ್ಲ. ಎಲೆಯ ತುರಿಕೆಯನ್ನು ಅಡಗಿಸುವುದೂ ಅದೇ. ಸಂಜೆ ಬೆಂದ ಸುರುಳಿಯನ್ನು ಮರುದಿನ ಬೆಳಗ್ಗೆ ಬಿಲ್ಲೆಗಳಾಗಿ ಕೊಯ್ದು ಕಾವಲಿಯ ಮೇಲೆ ಕೆಂಪಗೆ ಹುರಿದಾಗ ಅದರ ನಿಜವಾದ ಸ್ವಾದ ಹೊರಬೀಳುತ್ತದೆ. ಕೃಷ್ಣಾಷ್ಟಮಿ ಬಂತೆಂದರೆ ಹಲಸಿನ ಎಲೆ ಚುಚ್ಚಿ ಕೊಟ್ಟೆ ಕಟ್ಟುವ ಕೆಲಸ. ಕೇದಗೆಯ ಜಾತಿಯ ಉದ್ದ ಎಲೆಯ ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ, ಸುತ್ತಿದರೆ ಮೂಡೆ. ಒಳಗಿರುವುದು ಇಡ್ಲಿಯ ಹಿಟ್ಟೇ. ಆದರೆ ಎಲೆಯ ಪರಿಮಳ ಹೊತ್ತು ಬಂದ ಆ ಕಡುಬನ್ನು ಇಡ್ಲಿಯೆಂದು ಕರೆದರೆ ಉಡುಪಿಯ ಯಾವ ಗೃಹಿಣಿಯೂ ಒಪ್ಪಲಾರಳು.

ಊರಿನಿಂದ ದಕ್ಷಿಣಕ್ಕೆ, ಕಟಪಾಡಿಯ ಸಮೀಪ, ಕಡಲಿಗೆ ಅಂಟಿಕೊಂಡಂತೆ ಮಟ್ಟು ಎಂಬ ಹಳ್ಳಿಯಿದೆ. ಭತ್ತದ ಕೊಯ್ಲಾದ ಮೇಲೆ ಅಲ್ಲಿನ ಗದ್ದೆಗಳಲ್ಲಿ ಒಂದು ಬಗೆಯ ಬದನೆ ಬೆಳೆಯುತ್ತದೆ. ಗುಂಡಗೆ, ತಿಳಿಹಸುರು, ತೆಳು ಸಿಪ್ಪೆ, ತೊಟ್ಟಿನಲ್ಲಿ ಮುಳ್ಳು. ಇದೇ ಮಟ್ಟುಗುಳ್ಳ. ಇದರ ಬೀಜವನ್ನು ಊರವರಿಗೆ ಕೊಟ್ಟವರು ವಾದಿರಾಜರೆಂಬ ಐತಿಹ್ಯವಿದೆ. ಇಂದಿಗೂ ಅಲ್ಲಿಯ ರೈತರು ಕೃಷ್ಣಮಠಕ್ಕೆ ಗುಳ್ಳವನ್ನು ಕಾಣಿಕೆಯಾಗಿ ಒಪ್ಪಿಸುತ್ತಾರೆ. ಹುಳಿಯಲ್ಲಿ ಬೆಂದರೂ ಕರಗಿ ಹೋಗದೆ ಬೆಣ್ಣೆಯಂತೆ ಮೆತ್ತಗಾಗುವುದು ಇದರ ಗುಣ. ಕುಲಾಂತರಿ ಬದನೆಯ ವಿಷಯದಲ್ಲಿ 2010ರಲ್ಲಿ ದೇಶದಲ್ಲೆಲ್ಲ ಚರ್ಚೆಯೆದ್ದಾಗ, ಕಳೆದುಕೊಳ್ಳಬಾರದ ನಾಡತಳಿಗಳ ಸಾಲಿನಲ್ಲಿ ಮಟ್ಟುಗುಳ್ಳದ ಹೆಸರೂ ಕೇಳಿಬಂತು. ಮರುವರ್ಷ, 2011ರಲ್ಲಿ, ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಇಂತಹ ಅಡುಗೆಮನೆಗಳಲ್ಲಿ ಬೆಳೆದ ಹುಡುಗರು ಘಟ್ಟ ಹತ್ತಿ, ಹಡಗು ಹತ್ತಿ ಹೊರಟದ್ದು ಇಪ್ಪತ್ತನೆಯ ಶತಮಾನದ ಮೊದಲರ್ಧದ ಕಥೆ. ಹೊಲ ಚಿಕ್ಕದು, ಮನೆ ದೊಡ್ಡದು. ಕೈಯಲ್ಲಿದ್ದ ವಿದ್ಯೆ ಅಡುಗೆಯೊಂದೇ. ಕೋಟದ ಸಮೀಪದ ಪಾರಂಪಳ್ಳಿಯಿಂದ ಹೋದ ಯಜ್ಞನಾರಾಯಣ ಮಯ್ಯರೂ ಅವರ ಸೋದರರೂ 1924ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ಬಳಿ ತೆರೆದ ಕಾಫಿ ಕ್ಲಬ್ಬು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಉಡುಪಿಯ ಮಠವೊಂದರ ಅಡುಗೆಮನೆಯಲ್ಲಿ ದುಡಿದಿದ್ದ ಕೆ. ಕೃಷ್ಣರಾಯರು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಕಟ್ಟಿದರು. ಎ. ರಾಮ ನಾಯಕರು 1942ರಲ್ಲಿ ಮಾಟುಂಗ ರೈಲು ನಿಲ್ದಾಣದ ಹತ್ತಿರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿ, ಮನೆ ಬಿಟ್ಟು ಬಂದ ದಕ್ಷಿಣದ ಗುಮಾಸ್ತರಿಗೆ ಎಲೆಯೂಟವಿಕ್ಕಿದರು.

ಇವರು ಗೆದ್ದದ್ದು ಹೇಗೆ? ಮನೆಯ ಕಟ್ಟುನಿಟ್ಟನ್ನು ಅಂಗಡಿಗೆ ತಂದದ್ದರಿಂದ. 1951ರಲ್ಲಿ ಯೂರೋಪಿಗೆ ಹೋಗಿಬಂದ ಮಯ್ಯರು ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಮಾಡುವ ಕ್ರಮವನ್ನು ಜಾರಿಗೆ ತಂದರು. ಅಡುಗೆಮನೆಯನ್ನು ಬಂದವರು ನೋಡಬಹುದೆಂದರು. ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ರವೆಯಿಂದ ಇಡ್ಲಿ ಮಾಡಿದ್ದು ತಮ್ಮಲ್ಲಿಯೇ ಎಂದು ಆ ಸಂಸ್ಥೆ ಹೇಳಿಕೊಳ್ಳುತ್ತದೆ. ಶಾಕವ್ರತದ ಅಡುಗೆಯನ್ನು ಬಲ್ಲ ನಾಡಿನವರಿಗೆ, ಇಲ್ಲದ್ದನ್ನು ಬಿಟ್ಟು ಇದ್ದುದರಲ್ಲಿ ರುಚಿ ಹುಟ್ಟಿಸುವುದು ಹೊಸ ವಿದ್ಯೆಯೇನೂ ಆಗಿರಲಾರದು. 1975ರ ತುರ್ತುಪರಿಸ್ಥಿತಿಯಲ್ಲಿ ತಿಂಡಿಯ ದರವನ್ನು ಇಳಿಸಬೇಕಾಗಿ ಬಂದಾಗ, ಗುಣವನ್ನು ಇಳಿಸಲೊಪ್ಪದೆ ಅವರು ಕೆಲವು ವರ್ಷ ಬಾಗಿಲು ಮುಚ್ಚಿ, ಸಾರಿನ ಪುಡಿ ಮೊದಲಾದವುಗಳ ಮಾರಾಟಕ್ಕೆ ಇಳಿದರು. ಮನೆಯಿಂದ ಹೋಟೆಲಿಗೆ ಹೋದ ರುಚಿ ಪೊಟ್ಟಣವಾಗಿ ಮನೆಗೆ ಮರಳಿತು.

ಈ ಹೋಟೆಲುಗಳು ಆರಂಭದಲ್ಲಿ ಎಲ್ಲರನ್ನೂ ಸಮನಾಗಿ ಕಂಡವೆಂದು ಹೇಳುವಂತಿಲ್ಲ. ಮಯ್ಯರ ಅಂಗಡಿಯ ಮೊದಲ ಹೆಸರೇ ಬ್ರಾಹ್ಮಣರ ಕಾಫಿ ಕ್ಲಬ್ಬು. ಆದರೂ ಕಾಸು ಕೊಟ್ಟವರೆಲ್ಲ ಒಂದೇ ಮೇಜಿನಲ್ಲಿ, ಪಕ್ಕದವರ ಕುಲ ಕೇಳದೆ ಕುಳಿತುಣ್ಣುವ ರೂಢಿ ನಗರಗಳಲ್ಲಿ ಬೇರೂರಿದ್ದರಲ್ಲಿ ಇಂತಹ ಹೋಟೆಲುಗಳ ಪಾತ್ರ ಚಿಕ್ಕದಲ್ಲ.

ಇಷ್ಟಾದರೂ ಗಂಟು ಕಟ್ಟಿಕೊಂಡು ಹೋದ ಹುಡುಗರು ಎಲ್ಲವನ್ನೂ ಒಯ್ಯಲಿಲ್ಲ. ಒಯ್ಯಲಾಗುತ್ತಿರಲಿಲ್ಲ. ಅಕ್ಕಿ, ಉದ್ದು, ತೊಗರಿ, ಆಲೂಗಡ್ಡೆಗಳು ಎಲ್ಲೆಡೆ ಸಿಗುತ್ತವೆ. ಇಡ್ಲಿಯ ಹಿಟ್ಟು ಎಲ್ಲ ಊರಿನಲ್ಲಿಯೂ ಹುದುಗುತ್ತದೆ. ಒಂದೆಲಗ ಎಲ್ಲೆಡೆ ಸಿಗದು. ತಂಬುಳಿ ಸಂಜೆಯವರೆಗೆ ಕಾಯದು. ಪತ್ರೊಡೆಗೆ ಮಳೆ ಬೇಕು, ಅರ್ಧ ದಿನ ಬೇಕು, ಎಲೆಯ ಗುರುತಿರುವ ಕೈ ಬೇಕು. ಹಾಗಾಗಿ ಬೆಳಗಿನ ತಿಂಡಿ ದೇಶ ಸುತ್ತಿತು. ಮಧ್ಯಾಹ್ನದ ಊಟ ಬಹುಮಟ್ಟಿಗೆ ಊರಿನಲ್ಲಿಯೇ ಉಳಿಯಿತು. ಜಗತ್ತು ಉಡುಪಿಯೆಂದು ಕರೆಯುವುದು ಉಡುಪಿಯ ಅರ್ಧವನ್ನು ಮಾತ್ರ.

ಉಳಿದ ಆ ಅರ್ಧದ ಬಗೆಗೇ ಇಂದು ಚಿಂತೆ. ಹೋಟೆಲಿನ ದೋಸೆಗೆ ಅಳಿವಿನ ಭಯವಿಲ್ಲ. ತಿನ್ನುವವರು ಇರುವತನಕ ಅದು ಇದ್ದೀತು. ಮನೆಯಡುಗೆಗೆ ಮಾಡುವವರು ಬೇಕು. ಹಿತ್ತಿಲಿದ್ದ ಕಡೆ ಬಹುಮಹಡಿ ಕಟ್ಟಡಗಳು ಎದ್ದಿವೆ. ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ದೇಶಗಳಲ್ಲೋ ಇದ್ದಾರೆ. ಇಬ್ಬರೇ ಉಳಿದ ಮನೆಯಲ್ಲಿ ಯಾರಿಗಾಗಿ ಮೂಡೆ ಸುತ್ತುವುದು? ಪಾಕಪುಸ್ತಕಗಳು ವಿಧಾನವನ್ನು ಹೇಳಬಲ್ಲವು. ಆದರೆ ಬೇಲಿಯ ಬದಿಯಲ್ಲಿರುವ ಹತ್ತು ಬಗೆಯ ಕೆಸುವಿನಲ್ಲಿ ಕೊಯ್ಯಬೇಕಾದದ್ದು ಯಾವುದೆಂದು ಕೈಹಿಡಿದು ತೋರಿಸುವುದು ಪುಸ್ತಕದಿಂದ ಆಗದ ಕೆಲಸ. ಆ ಗುರುತು ಒಂದು ತಲೆಮಾರಿನಲ್ಲಿ ತಪ್ಪಿತೆಂದರೆ, ಎಲೆ ಮಳೆಗಾಲಕ್ಕೆ ಚಿಗುರುತ್ತಲೇ ಇರುತ್ತದೆ, ಪತ್ರೊಡೆ ಮಾತ್ರ ಇರುವುದಿಲ್ಲ.

ಆಶೆಗೆ ಅವಕಾಶವಿಲ್ಲವೆಂದಲ್ಲ. ಊರೂರಿನ ಸಂಘಗಳು ‘ಆಟಿಡೊಂಜಿ ದಿನ’ ಎಂದು ಕೂಟ ನಡೆಸಿ, ಹಿರಿಯ ಹೆಂಗಸರ ಕೈಯಿಂದ ಮಳೆಗಾಲದ ಅಡುಗೆಗಳನ್ನು ಮಾಡಿಸಿ ಎಳೆಯರಿಗೆ ಬಡಿಸುತ್ತವೆ. ಮಳೆ ಹಿಡಿದಾಗ ಕರಾವಳಿಯ ಕೆಲವು ಹೋಟೆಲುಗಳು ಪತ್ರೊಡೆಯನ್ನು ಮಾಡತೊಡಗಿವೆ. ಮನೆಯಿಂದ ಬೀದಿಗೆ ಬರಲು ನಾಚಿದ್ದ ತಿಂಡಿಗೆ ಬೀದಿಯೇ ಆಸರೆಯಾಗುವ ಕಾಲ ಬಂದಿದ್ದರೆ, ಅದನ್ನು ಬೇಡವೆನ್ನಲಾಗದು.

ಉಡುಪಿಗೆ ಹೊರಡುವ ಸಂಸಾರವಂದಿಗರು ರಥಬೀದಿಯ ದೋಸೆಯನ್ನು ತಪ್ಪಿಸಿಕೊಳ್ಳಬೇಕಾಗಿಲ್ಲ. ಮಧ್ಯಾಹ್ನ ಮಠದ ಪಂಕ್ತಿಯಲ್ಲಿ ಮಕ್ಕಳನ್ನು ಕೂರಿಸಿ ಉಣ್ಣಿಸಬೇಕು. ಡಿಸೆಂಬರ್ ಕಳೆದ ಮೇಲೆ ಬಂದವರು ಸಂತೆಯಲ್ಲಿ ಮಟ್ಟುಗುಳ್ಳ ಕಂಡರೆ ನಾಲ್ಕು ಕೊಂಡು ಊರಿಗೆ ಒಯ್ದು ಹುಳಿ ಮಾಡಬೇಕು. ಆ ಊರಿನಲ್ಲಿ ದೂರದ ನೆಂಟರಿದ್ದು, ‘ಗಂಜಿಯೂಟ ಮಾತ್ರ, ಏನೂ ವಿಶೇಷವಿಲ್ಲ’ ಎಂದು ಸಂಕೋಚದಿಂದ ಕರೆದರೆ, ಹೋಟೆಲನ್ನು ಮರುದಿನಕ್ಕೆ ಬಿಟ್ಟು ಅಲ್ಲಿಗೆ ಹೋಗಬೇಕು. ಉಂಡೆದ್ದ ಮೇಲೆ, ತಂಬುಳಿಗೆ ಹಾಕಿದ ಎಲೆ ಯಾವುದೆಂದು ಅತ್ತೆಯನ್ನೋ ಅಜ್ಜಿಯನ್ನೋ ಕೇಳಿ, ಮಕ್ಕಳನ್ನು ಅವರ ಹಿಂದೆ ಹಿತ್ತಿಲಿಗೆ ಕಳುಹಿಸಬೇಕು.